ನೀರಿಗೆ ಅರಿಶಿಣ ಹಚ್ಚುವ ಮಾನಮ್ಮ

ಮಾನ್ವಿಯ ಗಾಣದ ಓಣಿಯ ಹೆಂಗಸರು ಮಾನಮ್ಮನಿಗೆ ಇಟ್ಟ ಹೆಸರು ಅರಿಶಿಣದ ಮಾನಮ್ಮ. ಮೈಬಣ್ಣಕ್ಕೆ ಬಂದ ಹೆಸರಲ್ಲ ಅದು, ಅವಳು ಅಪ್ಪಟ ಎರೆಮಣ್ಣಿನ ಬಣ್ಣದವಳು. ಎರಡು ದಿನ ಬಿಟ್ಟು ಮೂರನೇ ದಿನಕ್ಕೆ ಓಣಿಗೆ ನೀರು ಬಿಡುತ್ತಾರೆ. ಆ ದಿನ ಬೆಳಿಗ್ಗೆ ಸೀರೆಯ ಮೇಲೊಂದು ಗಂಡಸರ ಅಳತೆಯ ಖಾಕಿ ಅಂಗಿ ತೊಟ್ಟು, ಕಂಕುಳಲ್ಲಿ ತರಕಾರಿ ಚೀಲ ಇರುಕಿಕೊಂಡು ಅವಳು ಹಾಜರಾಗುತ್ತಾಳೆ. ಚೀಲದಲ್ಲಿ ತರಕಾರಿ ಇರುವುದಿಲ್ಲ. ಬೆರಳುದ್ದದ ಗಾಜಿನ ಕೊಳವೆ, ಔಷಧದ ಪುಟ್ಟ ಸೀಸೆ, ಮುಚ್ಚಳವಿರುವ ಒಂದೆರಡು ಚಿಕ್ಕ ಬಾಟಲಿ, ಜೊತೆಗೆ ಎಲೆಅಡಿಕೆಯ ಸಂಚಿ ಇರುತ್ತವೆ. ಕೊಳವೆಯಲ್ಲಿ ನಳದ ನೀರು ಹಿಡಿದು, ಎರಡು ಹನಿ ಔಷಧ ಹಾಕಿ, ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ನೀರು ಹಳದಿಗೆ ತಿರುಗಿದರೆ ಅದರಲ್ಲಿ ಕ್ಲೋರಿನ್ ಇದೆ, ಕುಡಿಯಬಹುದು. ತಿರುಗದಿದ್ದರೆ ದಾರಿಯಲ್ಲಿ ಯಾವುದೋ ಹೊಲಸು ಸೇರಿ ಕ್ಲೋರಿನ್ನನ್ನು ತಿಂದುಹಾಕಿದೆ ಎಂದರ್ಥ.

“ಬಂದ್ಲು ನೋಡ್ರಿ, ನೀರಿಗೆ ಅರಿಶಿಣ ಹಚ್ಚಾಕಿ!” ಎಂದು ಹೆಂಗಸರು ನಗುತ್ತಾರೆ.

ಮಾನಮ್ಮ ಬಿಡುವವಳಲ್ಲ. “ಅರಿಶಿಣ ಹಚ್ಚದ ಮದುಮಗಳ್ನ ಮನಿ ತುಂಬಿಸಿಕೊಂಡ್ರ ನಾಳಿ ನಿಮ್ಮ ಹೊಟ್ಟ್ಯಾಗ ಜಗಳ ತಗೀತಾಳ. ಆವಾಗ ನನ್ನ ಬೈಬ್ಯಾಡ್ರಿ,” ಎನ್ನುತ್ತಾಳೆ.

ಅವಳ ಲೆಕ್ಕದಲ್ಲಿ ಓಣಿಯ ಮೊದಲ ಮನೆಯ ನೀರು ನೋಡುವುದು ದಂಡ. ಅಲ್ಲಿ ನೀರು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಮೂವತ್ತು ಮನೆ ದಾಟಿ ಕೊನೆಯ ನಳಕ್ಕೆ ಬಂದಾಗಲೂ ಹಳದಿ ಉಳಿದಿದೆಯೇ ಎಂಬುದೇ ಪ್ರಶ್ನೆ. ಹಾಗಾಗಿ ಅವಳು ನೇರವಾಗಿ ಇಳಿಜಾರಿನ ತುದಿಯಲ್ಲಿರುವ ಟೇಲರ್ ಪರಮಣ್ಣನ ಮನೆಗೆ ನಡೆಯುತ್ತಾಳೆ. ಪುರಸಭೆಯ ಕಾಗದದಲ್ಲಿ ಅವಳ ಕೆಲಸಕ್ಕೆ ಒಂದು ಸಾಲಿನಷ್ಟು ಉದ್ದದ ಹೆಸರಿದೆ, ಕೊನೆಯಲ್ಲಿ ಗುತ್ತಿಗೆ ಎಂಬ ಮಾತೂ ಇದೆ. ಮಾನಮ್ಮನಿಗೆ ಆ ಹೆಸರು ಬಾಯಿಗೆ ಬರುವುದಿಲ್ಲ, ಬರಬೇಕೆಂಬ ಆಸೆಯೂ ಇಲ್ಲ.

ಅವಳು ಹುಟ್ಟಿದ್ದು ದೇವದುರ್ಗದ ಕಡೆಯ ಅರಕೇರಾದಲ್ಲಿ. ಹದಿನೆಂಟಕ್ಕೆ ಸೂಗಪ್ಪನ ಕೈಹಿಡಿದು ಮಾನ್ವಿಗೆ ಬಂದಳು. ಆಗ ಗಾಣದ ಓಣಿಯ ತಿರುವಿನಲ್ಲಿ ಒಂದು ಸೇದುವ ಬಾವಿ ಇತ್ತು. ಮಾನಮ್ಮನ ಕೇರಿಯವರು ಅದರ ಕಟ್ಟೆ ಹತ್ತುವಂತಿರಲಿಲ್ಲ. ಕೊಡ ನೆಲಕ್ಕಿಟ್ಟು ದೂರ ನಿಲ್ಲಬೇಕು, ಮೇಲಿನ ಮನೆಯ ಹೆಂಗಸರು ಯಾರಾದರೂ ಮನಸ್ಸು ಮಾಡಿ ಸೇದಿ ಮೇಲಿನಿಂದ ಸುರಿಯಬೇಕು. ಹಲವರು ಅರ್ಧ ನೆಲಕ್ಕೆ ಚೆಲ್ಲುತ್ತಿದ್ದರು. ಕೆಲವರು ಕೇಳಿಸಿಯೂ ಕೇಳಿಸದವರಂತೆ ಹೋಗುತ್ತಿದ್ದರು. ಬಸವಂತಮ್ಮ ಮಾತ್ರ ಕೊಡದ ಕಂಠದವರೆಗೆ, ಒಂದು ಹನಿ ಚೆಲ್ಲದೆ, ಧಾರೆ ಕಡಿಯದಂತೆ ಸುರಿಯುತ್ತಿದ್ದಳು. ಅಕ್ಕಿ ವ್ಯಾಪಾರದವರ ಮನೆಯ ಹಿರಿ ಸೊಸೆ ಅವಳು. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳ ವಿಭೂತಿ, ಬಾಯಲ್ಲಿ ಸದಾ ಒಂದು ಬೈಗುಳ. “ಬಸುರಿ ಇದ್ದಿ, ಎರಡು ಕೊಡ ಯಾಕ ಹೊತ್ತೀ ಬೇ? ಒಂದು ಒಯ್ದು ಇಟ್ಟು ಬಾ, ನಾ ಎಲ್ಲಿಗೂ ಓಡಿ ಹೋಗಂಗಿಲ್ಲ,” ಎಂದು ಅವಳು ಬೈದದ್ದು ಮೂವತ್ತೈದು ವರ್ಷದ ಮೇಲೂ ಮಾನಮ್ಮನ ಕಿವಿಯಲ್ಲಿದೆ. ಆ ಹೊಟ್ಟೆಯಲ್ಲಿದ್ದ ಗೌತಮ ಈಗ ಪೋತ್ನಾಳದಲ್ಲಿ ಶಾಲಾ ಮಾಸ್ತರ.

ಬಾವಿ ಮುಚ್ಚಿ ನಳ ಬಂದಾಗ ಸೂಗಪ್ಪನಿಗೆ ಪುರಸಭೆಯಲ್ಲಿ ನೀರು ಬಿಡುವ ಕೆಲಸ ಸಿಕ್ಕಿತು. ಮೊಣಕಾಲೆತ್ತರದ ಕಬ್ಬಿಣದ ಕೀಲಿ ಹಾಕಿ ವಾಲ್ವ್ ತಿರುವುವುದು ಅವನ ಕೆಲಸ. ಅವನಿಗೊಂದು ಪದ್ಧತಿ ಇತ್ತು. ವಾಲ್ವ್ ತೆರೆದ ಮೇಲೆ ಅದೇ ಕೀಲಿಯಿಂದ ಓಣಿಯ ಕರೆಂಟಿನ ಕಂಬಕ್ಕೆ ಮೂರು ಏಟು ಹೊಡೆಯುತ್ತಿದ್ದ. ಟಣ್, ಟಣ್, ಟಣ್. ಆರಕ್ಕಾಗಲಿ ಒಂಬತ್ತಕ್ಕಾಗಲಿ, ಆ ಸದ್ದು ಕೇಳಿದರೆ ಓಣಿ ಕೊಡ ಎತ್ತಿಕೊಂಡು ಏಳುತ್ತಿತ್ತು. ಊರಿಗೆಲ್ಲ ನೀರು ಬಿಟ್ಟ ಆ ಮನುಷ್ಯ ಕಾಮಾಲೆಯಾಗಿ ಹೋದ. ಕೆಟ್ಟ ನೀರಿನಿಂದ ಬರುವ ಕಾಯಿಲೆ ಅದು ಎಂದು ಡಾಕ್ಟರು ಹೇಳಿದಾಗ ಮಾನಮ್ಮ ಅಳುವುದನ್ನೂ ಮರೆತು ಅವರ ಮುಖ ನೋಡುತ್ತ ಕೂತಿದ್ದಳಂತೆ. ಮುಂದೆ ಅವಳಿಗೆ ಗುತ್ತಿಗೆಯ ಕೆಲಸ ಸಿಕ್ಕಿ, ರಾಯಚೂರಿನಲ್ಲಿ ಮೂರು ದಿನ ನೀರು ಪರೀಕ್ಷೆಯ ತರಬೇತಿ ಇದೆ, ಯಾರು ಹೋಗುತ್ತೀರಿ ಎಂದು ಕೇಳಿದಾಗ, ಕೈ ಎತ್ತಿದ್ದು ಅವಳೊಬ್ಬಳೇ.

ಸೂಗಪ್ಪನ ಜಾಗಕ್ಕೆ ಬಂದ ನಾಗೇಶ ಒಳ್ಳೆಯ ಹುಡುಗ, ಆದರೆ ಕಂಬ ಬಾರಿಸುವುದು ಅವನಿಗೆ ನಾಚಿಕೆ. ನೀರು ಬಂದದ್ದು ತಿಳಿಯದೆ ಓಣಿಯಲ್ಲಿ ಗದ್ದಲ. “ನಿನ್ನ ಗಂಡ ಹೋದ, ನಮ್ಮ ನೀರಿಗೆ ದನಿ ಇಲ್ಲದಂಗ ಆತು ನೋಡು,” ಎಂದು ಬಸವಂತಮ್ಮ ಕಣ್ಣೊರೆಸಿಕೊಂಡಳು. ಆಗ ಮಾನಮ್ಮನೇ ಒಂದು ಉಪಾಯ ಹೇಳಿಕೊಟ್ಟಳು. “ನಳ ಬಂದ್ ಮಾಡಬ್ಯಾಡ್ರಿ ಯವ್ವಾ. ಬಾಯಿ ತೆಗೆದೇ ಬಿಡ್ರಿ, ಕೆಳಗೊಂದು ಕೊಡ ಇಡ್ರಿ. ನೀರು ಬಿದ್ದ ಸಪ್ಪಳಕ್ಕ ತಿಳೀತದ.” ಬಸವಂತಮ್ಮ ಹಾಗೇ ಮಾಡಿದಳು. ಅವಳನ್ನು ನೋಡಿ ಪಕ್ಕದವಳು, ಅವಳನ್ನು ನೋಡಿ ಮತ್ತೊಬ್ಬಳು. ವರ್ಷ ತುಂಬುವುದರೊಳಗೆ ಓಣಿಯ ಬಹುತೇಕ ನಳಗಳು ಬಾಯಿ ತೆರೆದುಕೊಂಡು ಕೂತವು.

ಬಸವಂತಮ್ಮನಿಗೆ ಈಗ ಎಪ್ಪತ್ತರ ಹತ್ತಿರ. ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು ಸ್ವಪ್ನಾ, ಎಲ್ಲರೂ ಇರುವ ತುಂಬಿದ ಮನೆ. ಆದರೂ ನೀರಿನ ಉಸ್ತುವಾರಿ ಅವಳು ಯಾರಿಗೂ ಬಿಟ್ಟುಕೊಟ್ಟಿಲ್ಲ. ನೀರು ಬಂದ ಕೂಡಲೇ ಮೊದಲ ಕೊಡ ಅಂಗಳಕ್ಕೆ ಚೆಲ್ಲಿ, ನಳಕ್ಕೆ ವಿಭೂತಿ ಹಚ್ಚಿ, ಆಮೇಲೆ ತುಂಬುವುದು. ತುಂಬಿದ್ದನ್ನು ಮಾನಮ್ಮ ಬಂದು ಹೂಂ ಅನ್ನುವವರೆಗೆ ಮನೆಯಲ್ಲಿ ಯಾರೂ ಕುಡಿಯುವಂತಿಲ್ಲ. “ಮಾನವ್ವ ನೋಡ್ಯಾಳೇನು?” ಎಂದು ಕೇಳಿಯೇ ತಂಬಿಗೆ ಎತ್ತುವುದು. ಪರೀಕ್ಷೆ ಮುಗಿದ ಮೇಲೆ ಮಾನಮ್ಮನಿಗೆ ಮೆಟ್ಟಿಲ ಮೇಲೆ ಚಹಾ. ಅದಕ್ಕೊಂದು ಬೇರೆ ಲೋಟ ಉಂಟು. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇರುತ್ತದೆ, ಮಾನಮ್ಮ ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿ ಹೋಗುತ್ತಾಳೆ. ಗೌತಮನಿಗೆ ಇದು ಸಿಟ್ಟು. “ಬಿಡಪಾ, ಆ ಲೋಟ ಇಟ್ಟಾಕಿನ ನನಗ ಕೊಡ ತುಂಬ ನೀರೂ ಹಾಕ್ಯಾಳ,” ಎಂದು ಮಾನಮ್ಮ ಮಾತು ಮುಗಿಸುತ್ತಾಳೆ. ಆದರೆ ಲೋಟ ಬೋರಲು ಹಾಕುವಾಗ ಅವಳ ಕೈ ಒಂದು ಕ್ಷಣ ನಿಲ್ಲುವುದುಂಟು.

ಹೀಗಿರುವಾಗ ಒಂದು ಸೋಮವಾರ ಪರಮಣ್ಣನ ಮನೆಯ ನಳದ ನೀರು ಹಳದಿಯಾಗಲಿಲ್ಲ. ಮಾನಮ್ಮ ಕೊಳವೆ ತೊಳೆದು ಮತ್ತೆ ಹಿಡಿದಳು. ಮತ್ತೆ ಬಿಳಿ. ಇನ್ನೆರಡು ಹನಿ ಹಾಕಿದಳು, ಅದೂ ಬಿಳಿಯೇ. “ಈ ನೀರು ಕುಡೀಬ್ಯಾಡ್ರಿ, ಕುದಿಸಿದ್ರೂ ಬ್ಯಾಡ,” ಎಂದು ಹಿಂದಿನ ಏಳೆಂಟು ಮನೆಗಳಿಗೂ ಹೇಳಿ, ಒಳಗೆ ಬೇರೊಂದು ಔಷಧವಿದ್ದ ಚಿಕ್ಕ ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ಮನೆಗೆ ಒಯ್ದಳು. ಕೊಳಚೆ ಸೇರಿದ್ದರೆ ಒಂದು ದಿನ ಬೆಚ್ಚಗಿಟ್ಟಾಗ ಆ ಬಾಟಲಿಯ ನೀರು ಕಪ್ಪಾಗುತ್ತದೆ. ಅವಳು ಅದನ್ನು ಒಲೆಯ ಪಕ್ಕದ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಮಂಗಳವಾರ ತೆಗೆದು ನೋಡಿದರೆ ಬಾಟಲಿ ಕಾಡಿಗೆಯಂತೆ ಕಪ್ಪಾಗಿತ್ತು. ಅಷ್ಟರಲ್ಲಿ ಪರಮಣ್ಣನ ಏಳು ವರ್ಷದ ಮಗಳು ದಾನೇಶ್ವರಿ ವಾಂತಿಭೇದಿಯಾಗಿ ದವಾಖಾನೆ ಸೇರಿದ್ದಳು. ಮಾನಮ್ಮ ನೀರು ನೋಡುವ ಮೊದಲೇ ಅವಳು ಒಂದು ತಂಬಿಗೆ ಕುಡಿದು ಶಾಲೆಗೆ ಹೋಗಿಬಿಟ್ಟಿದ್ದಳು.

ಮಂಗಳವಾರ ಮಧ್ಯಾಹ್ನ ಪುರಸಭೆಯ ಕಿರಿಯ ಎಂಜಿನಿಯರ್ ಉದಯಕುಮಾರ ಬಂದ. ಯಾಪಲದಿನ್ನಿಯ ರೈತರ ಮನೆಯ ಹುಡುಗ, ಮಾತು ಕಡಿಮೆ. ಓಣಿಯವರೆಲ್ಲ ಅವನನ್ನು ಸುತ್ತುವರಿದರು. ಪರಮಣ್ಣನ ಕಣ್ಣು ಕೆಂಪಾಗಿದ್ದವು.

“ಗುರುವಾರ ನೀರಿನ ದಿನ. ಅಷ್ಟರಾಗ ಹೊಲಸು ಎಲ್ಲಿಂದ ಸೇರತದ ಅಂತ ಸಿಗಲಿಲ್ಲ ಅಂದ್ರ ಓಣಿ ಲೈನ್ ಪೂರ್ತಿ ಬಂದ್ ಮಾಡ್ತೀನಿ,” ಎಂದ ಉದಯಕುಮಾರ. “ರಸ್ತೆ ಅಗೆದು ಹುಡುಕಬೇಕು. ಎಷ್ಟು ದಿನ ಹಿಡೀತದ ಗೊತ್ತಿಲ್ಲ. ಅಲ್ಲೀತನ ಟ್ಯಾಂಕರ್. ಯಾರದಾರ ಮನಿಯಿಂದ ಸೇರಾಕತ್ತಿದ್ರ ಆ ಮನಿ ನಳ ಕಟ್ ಮಾಡಿ ಹೆಸರು ಬರ್ಕೋತೀನಿ.”

“ಹೆಸರು ಬರ್ಕೊಂಡ್ರ ಸಾಲದು ತಮ್ಮಾ!” ಎಂದು ಮೆಟ್ಟಿಲ ಮೇಲಿಂದ ಬಸವಂತಮ್ಮ ಗುಡುಗಿದಳು. “ಸಣ್ಣ ಕೂಸಿನ ಹೊಟ್ಟಿಗೆ ಹೊಲಸು ಹಾಕಿದವರನ್ನ ನಾಕು ಮಂದ್ಯಾಗ ನಿಲ್ಲಿಸಿ ಕೇಳಬೇಕು.”

ಎಲ್ಲರೂ ಹೌದು ಎಂದರು. ಮಾನಮ್ಮನೂ ಹೌದು ಎಂದಳು. ಆಮೇಲೆ ಉದಯಕುಮಾರನನ್ನು ಪಕ್ಕಕ್ಕೆ ಕರೆದು, “ಸಾಹೇಬ್ರ, ನಾಳೆ ಮುಂಜಾನೆ ಬರೀ ಅರ್ಧ ತಾಸು ನೀರು ಬಿಡಿಸ್ರಿ. ಯಾರೂ ತುಂಬಬಾರದು. ಬಂದ್ ಮಾಡಿದ ಮ್ಯಾಲ ನಂಗ ನೋಡೋದು ಅದ,” ಎಂದಳು.

ಅವಳ ತಲೆಯಲ್ಲಿದ್ದದ್ದು ಸೂಗಪ್ಪನ ಒಂದು ಮಾತು. ವಾಲ್ವ್ ಬಂದ್ ಮಾಡಿದ ಮೇಲೂ ಪೈಪಿನೊಳಗಿನ ನೀರು ಇಳಿಜಾರಿಗೆ ಹರಿಯುತ್ತಲೇ ಇರುತ್ತದೆ, ಆಗ ಪೈಪು ಹಿಂದಿನಿಂದ ಏನು ಸಿಕ್ಕರೂ ಒಳಗೆ ಹೀರುತ್ತದೆ ಎಂದು ಅವನು ಹೇಳುತ್ತಿದ್ದ. ಗಾಳಿ ಸಿಕ್ಕರೆ ಗಾಳಿ, ನೀರು ಸಿಕ್ಕರೆ ನೀರು.

ಬುಧವಾರ ಬೆಳಿಗ್ಗೆ ನಾಗೇಶ ಅರ್ಧ ತಾಸು ನೀರು ಬಿಟ್ಟು ಬಂದ್ ಮಾಡಿದ. ಉದಯಕುಮಾರ, ಪರಮಣ್ಣ, ಇನ್ನೂ ಹತ್ತು ಹನ್ನೆರಡು ಜನ ಓಣಿಯ ಬಾಯಲ್ಲಿ ಕಾಯುತ್ತ ನಿಂತರು. ಮಾನಮ್ಮ ಹಳೆಯ ಪೇಪರನ್ನು ರೊಟ್ಟಿಯ ತುಂಡಿನಷ್ಟು ಹರಿದುಕೊಂಡು ಒಂದೊಂದೇ ಮನೆಯ ನಳದ ಬಾಯಿಗೆ ಹಿಡಿಯುತ್ತ ಹೊರಟಳು. ಇಲ್ಲಿ ಒಂದು ವಿಷಯ ಹೇಳಬೇಕು. ನೀರಿನ ರಭಸ ಕಡಿಮೆಯಾದ ಹಾಗೆಲ್ಲ ಈ ಓಣಿಯವರು ಮನೆ ಮುಂದೆ ತಗ್ಗು ತೋಡಿ, ಪೈಪು ಕತ್ತರಿಸಿ, ನಳವನ್ನು ಕೆಳಗೆ ಕೆಳಗೆ ಇಳಿಸಿಕೊಂಡಿದ್ದಾರೆ. ಒಂದು ಮನೆಯವರು ಒಂದು ಮೊಳ ಇಳಿಸಿದರೆ ಮಗ್ಗುಲಿನವರು ಒಂದೂವರೆ ಮೊಳ. ಹಾಗಾಗಿ ಮಾನಮ್ಮ ಪ್ರತಿ ತಗ್ಗಿನೊಳಗೂ ಬಗ್ಗಬೇಕಾಯಿತು.

ಮೊದಲ ಮನೆಯಲ್ಲಿ ಪೇಪರು ಪಟ್ಟನೆ ನಳದ ಬಾಯಿಗೆ ಅಂಟಿಕೊಂಡಿತು. ನಳ ತೆರೆದಿತ್ತು, ಹೀರುತ್ತಿತ್ತು. ಆದರೆ ತಗ್ಗು ಒಣಗಿತ್ತು, ಹೀರಿದ್ದು ಗಾಳಿ. ಎರಡನೇ ಮನೆಯಲ್ಲೂ ಅಂಟಿತು, ಮೂರನೆಯದರಲ್ಲೂ ಅಂಟಿತು. ತೆರೆದ ನಳ ಎಣಿಸುತ್ತ ಹೋದಂತೆ ಮಾನಮ್ಮನ ನಡಿಗೆ ನಿಧಾನವಾಯಿತು. ಇಷ್ಟೂ ನಳದ ಬಾಯಿ ತೆರೆಸಿದ್ದು ತಾನೇ ಅಲ್ಲವೇ?

ಬಸವಂತಮ್ಮನ ಮನೆಯ ತಗ್ಗಿನಲ್ಲಿ ಮಾತ್ರ ನೀರಿತ್ತು. ಎರಡು ತಿಂಗಳ ಹಿಂದೆ ಓಣಿಗೆ ಸಿಮೆಂಟ್ ರಸ್ತೆ ಬಂದು ನೆಲ ಒಂದು ಗೇಣು ಏರಿತ್ತು. ಪಕ್ಕದ ಚರಂಡಿಯ ಬಿರುಕಿನಿಂದ ಕಪ್ಪು ನೀರು ಸದ್ದಿಲ್ಲದೆ ಆ ತಗ್ಗಿಗೆ ಜಿನುಗುತ್ತಿತ್ತು. ಬಗ್ಗಲು ಆಗದ ಮುದುಕಿ ಮೇಲಿಂದಲೇ ಕೊಡ ತುಂಬಲು ನಳಕ್ಕೊಂದು ಪ್ಲಾಸ್ಟಿಕ್ ಪೈಪು ಸಿಕ್ಕಿಸಿದ್ದಳು. ಅದರ ತುದಿ ಆ ನೀರಿನಲ್ಲಿ ಮುಳುಗಿ ಕೂತಿತ್ತು. ಮಾನಮ್ಮ ನೋಡುತ್ತಿದ್ದಂತೆಯೇ ತಗ್ಗಿನ ನೀರು ಒಂದು ಬೆರಳು ಇಳಿಯಿತು, ಮತ್ತೊಂದು ಬೆರಳು ಇಳಿಯಿತು.

“ನೋಡಿದೇನು, ನಮ್ಮ ತಗ್ಗು ಎಷ್ಟು ಚಲೋ ಅದ!” ಮೆಟ್ಟಿಲ ಮೇಲೆ ಬಸವಂತಮ್ಮ ಹೆಮ್ಮೆಯಿಂದ ನಿಂತಿದ್ದಳು. “ಎಷ್ಟು ನೀರು ನಿಂತರೂ ನಳ ನಿಂತ ಮ್ಯಾಲ ತಾನ ಇಂಗಿ ಹೋಗ್ತದ. ನಾನೂ ದಿನಾ ಮೆಟ್ಟಲ ತೊಳೆದು ಅದಕ್ಕ ಹಾಕಿಬಿಡ್ತೀನಿ.”

ಮಡಿ ಮಡಿ ಎಂದು ನಳಕ್ಕೂ ವಿಭೂತಿ ಹಚ್ಚುವ ಈ ಮನೆಯಿಂದ ಇಳಿಜಾರಿನ ಮನೆಗಳಿಗೆಲ್ಲ ಚರಂಡಿಯ ನೀರು ಹೋಗಿತ್ತು. ಮೊದಲ ಕೊಡ ಅಂಗಳಕ್ಕೆ ಚೆಲ್ಲುತ್ತಿದ್ದುದರಿಂದ ಇವರಿಗೆ ಮಾತ್ರ ಏನೂ ಆಗಿರಲಿಲ್ಲ. ಮಾನಮ್ಮ ತಗ್ಗಿಗೆ ಕೈ ಹಾಕಿ ಪ್ಲಾಸ್ಟಿಕ್ ಪೈಪನ್ನು ಕಿತ್ತು ಹೊರಗೆಸೆದಳು, ನಳವನ್ನು ಬಿಗಿಯಾಗಿ ತಿರುವಿ ಮುಚ್ಚಿದಳು. ಕೈ ತೊಳೆದುಕೊಂಡು ಓಣಿಯ ಬಾಯ ಕಡೆ ನಡೆದಳು.

ಅಲ್ಲಿಗೆ ಐವತ್ತು ಹೆಜ್ಜೆ ಇರಬಹುದು. ಹೇಳದಿದ್ದರೆ ಲೈನ್ ಬಂದ್, ಮೂವತ್ತು ಮನೆಗೆ ನೀರಿಲ್ಲ. ಹೇಳಿದರೆ ನಾಕು ಮಂದಿಯ ನಡುವೆ ಬಸವಂತಮ್ಮ ತಲೆ ತಗ್ಗಿಸಿ ನಿಲ್ಲಬೇಕು, ಶಿಕ್ಷೆಯ ಮಾತನ್ನು ನಿನ್ನೆ ಅವಳೇ ಆಡಿಯಾಗಿದೆ. ಒಂದು ಹನಿ ಚೆಲ್ಲದೆ ಸುರಿದ ಆ ಕೈಯನ್ನು ಮಾನಮ್ಮ ಹೇಗೆ ಮರೆತಾಳು? ಆಸ್ಪತ್ರೆಯ ಮಂಚದ ಮೇಲೆ ಸಲೈನ್ ಹಾಕಿಸಿಕೊಂಡು ಮಲಗಿದ ಆ ಕೂಸನ್ನಾದರೂ ಹೇಗೆ ಮರೆತಾಳು? ಐವತ್ತು ಹೆಜ್ಜೆ ಬಲುಬೇಗ ಮುಗಿದವು.

“ಸಿಕ್ತು ಸಾಹೇಬ್ರ,” ಎಂದಳು. “ತಪ್ಪು ನಂದು.”

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. “ಸೂಗಪ್ಪ ಹೋದ ಮ್ಯಾಲ ನಳ ಬಾಯಿ ತೆಗೆದಿಡ್ರಿ ಅಂತ ಈ ಓಣಿಗೆ ಹೇಳಿದಾಕಿ ನಾನು. ಮೂವತ್ತು ಮನ್ಯಾಗ ಇಪ್ಪತ್ತೆರಡು ನಳ ತೆರೆದಾವ. ನೀರು ನಿಂತ ಮ್ಯಾಲ ಅವು ತಗ್ಗಿನಾಗಿದ್ದದ್ದು ಒಳಗ ಎಳೀತಾವ. ಒಂದು ತಗ್ಗಿನಾಗ ಚರಂಡಿ ನೀರು ಇತ್ತು. ಇವತ್ತ ಅಲ್ಲಿ, ನಾಳಿ ಇನ್ನೊಬ್ಬರದರಾಗ. ನಾ ಅದನ್ನ ಬಂದ್ ಮಾಡಿ ಬಂದೀನಿ.”

“ಯಾರ ಮನಿ?” ಪರಮಣ್ಣ ಮುಂದೆ ಬಂದ.

ಮಾನಮ್ಮ ಉಳಿದ ಪೇಪರಿನ ಚೂರುಗಳನ್ನು ಚೀಲಕ್ಕೆ ತುರುಕಿದಳು.

“ಮಾನಮ್ಮಾರ, ಮನಿ ನಂಬರ್ ಬರೀಲೇಬೇಕು,” ಎಂದ ಉದಯಕುಮಾರ ಮೆಲ್ಲಗೆ.

“ನನ್ನ ಹೆಸರು ಬರ್ಕೊಳ್ರಿ ಸಾಹೇಬ್ರ. ಕೆಲಸದಿಂದ ತೆಗೀಬೇಕಂದ್ರ ತೆಗೀರಿ.”

“ಏ, ಬರೀಬ್ಯಾಡ ತಮ್ಮಾ!”

ಎಲ್ಲರೂ ತಿರುಗಿದರು. ಮಾನಮ್ಮನ ಮಾತು ಕೇಳಿಸಿಕೊಂಡ ಬಸವಂತಮ್ಮ ಸ್ವಪ್ನಾಳ ಹೆಗಲು ಹಿಡಿದುಕೊಂಡು ಬರುತ್ತಿದ್ದಳು. ಇನ್ನೊಂದು ಕೈಯಲ್ಲಿ ಮಾನಮ್ಮ ಕಿತ್ತೆಸೆದ ಪ್ಲಾಸ್ಟಿಕ್ ಪೈಪಿತ್ತು, ಅದರ ತುದಿಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

“ತಗ್ಗು ನಂದು,” ಎಂದಳು. “ಇಂಗಿ ಹೋಗ್ತದ ಅಂತ ಹಿಗ್ಗಾಕತ್ತಿದ್ದೆ. ಎಲ್ಲಿ ಹೋಗಾಕತ್ತಿತ್ತು ಅಂತ ಇವತ್ತ ತಿಳೀತು.” ಪರಮಣ್ಣನ ಕಡೆ ತಿರುಗಿದಳು. ಅಷ್ಟು ಗಟ್ಟಿ ದನಿಯ ಮುದುಕಿಯ ಮಾತು ಈಗ ಕೇಳಿಸದಷ್ಟು ಸಣ್ಣಗಾಗಿತ್ತು. “ನಿನ್ನ ಮಗಳ ಹೊಟ್ಟಿಗೆ ಹೋಗಿದ್ದು ನಮ್ಮ ಮನಿ ಹೊಲಸು ಪರಮಣ್ಣ. ನಾಕು ಮಂದ್ಯಾಗ ನಿಲ್ಲಿಸಿ ಕೇಳಬೇಕು ಅಂದಿದ್ದೆ. ನಿಂತೀನಿ. ಕೇಳಪಾ.”

ಪರಮಣ್ಣ ಕೇಳಲಿಲ್ಲ. ಅವಳ ಕೈಯಿಂದ ಪೈಪು ಇಸಿದುಕೊಂಡು ಕೆಳಗಿಟ್ಟ. “ನಮ್ಮ ನಳಾನೂ ತೆರದೇ ಇತ್ತು ಯವ್ವಾ,” ಎಂದ. “ಕೂಸು ಇವತ್ತ ಗಂಜಿ ಕುಡದಾಳ. ನಾಳಿ ಮನಿಗೆ ಕಳಸ್ತಾರಂತ.”

ಉದಯಕುಮಾರ ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಸಂಜೆಯೊಳಗೆ ಮೂವತ್ತು ತಗ್ಗೂ ಮುಚ್ಚಬೇಕು, ನಳ ನೆಲದಿಂದ ಎರಡು ಮೊಳ ಮೇಲೆ ಬರಬೇಕು, ಚರಂಡಿಯ ಬಿರುಕನ್ನು ತಾನು ಇವತ್ತೇ ಮುಚ್ಚಿಸುತ್ತೇನೆ, ಪೈಪು ಶುದ್ಧವಾಗಲು ನಾಳೆ ಕ್ಲೋರಿನ್ ಜಾಸ್ತಿ ಹಾಕಿಸುತ್ತೇನೆ ಎಂದ. ಮೊದಲ ಬುಟ್ಟಿ ಗರಸು ಮಣ್ಣು ತನ್ನ ತಗ್ಗಿಗೇ ಬೀಳಬೇಕು ಎಂದು ಬಸವಂತಮ್ಮ ಹಟ ಹಿಡಿದಳು. ಪರಮಣ್ಣನೇ ಬುಟ್ಟಿ ಎತ್ತಿ ಸುರಿದ.

ಗುರುವಾರ ಬೆಳಿಗ್ಗೆ ಆರೂವರೆಗೆ ಗಾಣದ ಓಣಿಯಲ್ಲಿ ಟಣ್, ಟಣ್, ಟಣ್ ಎಂದು ಸದ್ದಾಯಿತು. ನಾಗೇಶನ ಕೈಯಿಂದ ಕೀಲಿ ಇಸಿದುಕೊಂಡು ಕಂಬ ಬಾರಿಸಿದವಳು ಮಾನಮ್ಮ. ಒಂದೆರಡು ಮನೆಯ ಹಿರಿಯರು ಬಾಗಿಲು ತೆಗೆದು, ಸೂಗಪ್ಪನೇ ಬಂದನೇನೋ ಎಂಬಂತೆ ಕಂಬದ ಕಡೆ ನೋಡಿದರು. “ಇನ್ನ ಮ್ಯಾಲ ನೀನ ಹೊಡೀಬೇಕು. ನಾಚಿಕಿ ಬಂದ್ರ ಕಣ್ಣು ಮುಚ್ಚಿ ಹೊಡಿ,” ಎಂದು ನಾಗೇಶನಿಗೆ ಕೀಲಿ ಮರಳಿಸಿ ಅವಳು ಇಳಿಜಾರಿಗೆ ನಡೆದಳು. ಪರಮಣ್ಣನ ಮನೆಯ ನಳದಿಂದ ನೀರು ಸಣ್ಣಗೆ ಬರುತ್ತಿತ್ತು. ಕೊಳವೆ ತುಂಬಿ, ಹನಿ ಹಾಕಿ, ಬೆಳಕಿಗೆ ಎತ್ತಿದಳು. ಹಳದಿ! ಮಾನಮ್ಮ ಆ ಕೊಳವೆಯನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಬಸವಂತಮ್ಮನ ಮನೆಗೆ ಬಂದಳು.

ಮುದುಕಿ ಮೆಟ್ಟಿಲ ಮೇಲೆ ಕೂತಿದ್ದಳು. ಹೊಸ ನಳದ ಕೆಳಗೆ ಮನೆಯ ಹಿತ್ತಾಳೆ ತಂಬಿಗೆ ತುಂಬಿ ನಿಂತಿತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಮಾನಮ್ಮ ಕೊಳವೆ ತೋರಿಸಿ ಹೂಂ ಎಂದು ತಲೆಯಾಡಿಸಿದಳು. ಬಸವಂತಮ್ಮ ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಮುಂದೆ ಚಾಚಿದಳು. ಬಾವಿಯ ಬದಿಯಲ್ಲಿ ಕುಡಿಯಲು ನೀರು ಬೇಡುವಾಗ ಮಾನಮ್ಮ ಹಾಗೇ ಚಾಚುತ್ತಿದ್ದಳು.

“ಹಾಕು ಮಾನವ್ವಾ.”

ಮಾನಮ್ಮ ತಂಬಿಗೆ ಎತ್ತಿಕೊಂಡಳು. “ಬೊಗಸಿ ಬ್ಯಾಡ್ರಿ ಯವ್ವಾ,” ಎಂದು ಮುದುಕಿಯ ಎರಡೂ ಕೈಯ ನಡುವೆ ತಂಬಿಗೆಯನ್ನೇ ಇಟ್ಟಳು. “ಹಿಡ್ಕೊಂಡು ಕುಡೀರಿ.”

ಬಸವಂತಮ್ಮ ತಂಬಿಗೆಯನ್ನು ನೋಡಿದಳು, ಮಾನಮ್ಮನನ್ನು ನೋಡಿದಳು. ಹುಟ್ಟಿದಾಗಿನಿಂದ ಎತ್ತಿ ಕುಡಿದವಳು ಅಂದು ತುಟಿ ಹಚ್ಚಿ ಅರ್ಧ ಕುಡಿದಳು. ಉಳಿದ ಅರ್ಧವನ್ನು ತಂಬಿಗೆ ಸಮೇತ ಮಾನಮ್ಮನ ಕೈಗೆ ಕೊಟ್ಟು, “ನೀ ಕುಡಿ. ನಿಂತು ಅಲ್ಲ, ಇಲ್ಲಿ ಕುಂತು,” ಎಂದು ಪಕ್ಕದ ಜಾಗ ತಟ್ಟಿದಳು. ಮಾನಮ್ಮ ಕೂತು ಕುಡಿದಳು. ಕಣ್ಣೀರು ಮೂಗಿನ ತುದಿಯವರೆಗೆ ಬಂದದ್ದನ್ನು ಖಾಕಿ ಅಂಗಿಯ ತೋಳಿನಿಂದ ಒರೆಸಿಕೊಂಡಳು.

“ಘಾಟು ಬರಾಕತ್ತದಲ್ಲಬೇ,” ಎಂದಳು ಬಸವಂತಮ್ಮ ಮುಖ ಸಿಂಡರಿಸಿ. “ಇವತ್ತ ಅರಿಶಿಣ ಒಂದು ಮುಷ್ಟಿ ಜಾಸ್ತಿ ಹಚ್ಚೀ ಏನು?”

“ಹೊಸಾ ಮದುಮಗಳು ಯವ್ವಾ, ಇರಲಿ ಬಿಡ್ರಿ.”

ಇಬ್ಬರೂ ನಕ್ಕರು. ಮಾನಮ್ಮ ಅಭ್ಯಾಸಬಲದಿಂದ ಖಾಲಿ ತಂಬಿಗೆಯನ್ನು ತೊಳೆಯಲು ನಳದ ಕೆಳಗೆ ಹಿಡಿದಳು. ಬಸವಂತಮ್ಮ ಅದನ್ನು ಅವಳ ಕೈಯಿಂದ ಕಿತ್ತುಕೊಂಡು, ತೊಳೆಯದೆ, ಹಾಗೆಯೇ ಒಳಗೆ ಅಡುಗೆಮನೆಗೆ ಒಯ್ದಳು.